ಮೊದಲು ಕಾಲು ನೋಡಿ, ಆಮೇಲೆ ಮನಸ್ಸು

‘ಫೈನಲ್ ಅಂದ್ರೆ ಇವನಿಗೆ ಕೈಕಾಲೇ ಆಡಲ್ಲ ಮೇಡಂ.’ ಕ್ರೀಡಾ ಮನಶ್ಶಾಸ್ತ್ರಜ್ಞೆಯಾದ ನನ್ನ ಹತ್ತಿರ ಮಕ್ಕಳನ್ನು ಕರೆತರುವ ಅಪ್ಪ-ಅಮ್ಮಂದಿರ ಮೊದಲ ಮಾತು ಇದು. ನಾನು ಮೊದಲು ಪಂದ್ಯದ ವಿಡಿಯೊ ಕೇಳುತ್ತೇನೆ.

ಯಾಕೆ ಅಂತ ಅಮೆರಿಕದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಆಟದಿಂದಲೇ ಹೇಳುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಜೊತೆಗಾರರಿಗೆ ಚೆಂಡು ಎಸೆಯುವವನು. ಅವನಿಗೆ ಚೆಂಡು ಸಿಕ್ಕ ಮೇಲೆ ಯೋಚಿಸಲು ಇರುವುದು ಹೆಚ್ಚುಕಡಿಮೆ ಮೂರು ಸೆಕೆಂಡು. ಅಷ್ಟು ಹೊತ್ತು ಅವನನ್ನು ಕಾಯಲು ಐವರು ದಢೂತಿ ಆಟಗಾರರು ಮುಂದೆ ನಿಂತಿರುತ್ತಾರೆ.

2025ರ ಫೆಬ್ರವರಿ 9, ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್, ಅಂದರೆ ಈ ಆಟದ ವರ್ಷದ ಫೈನಲ್. ಫಿಲಡೆಲ್ಫಿಯಾ ಈಗಲ್ಸ್ ಎದುರು ಮಹೋಮ್ಸ್ ಅವರ ಕಾನ್ಸಾಸ್ ಸಿಟಿ ಚೀಫ್ಸ್ ಅರ್ಧ ಆಟಕ್ಕೆ 0–24. ಅವರ 14 ಎಸೆತಗಳಲ್ಲಿ ಜೊತೆಗಾರರ ಕೈಸೇರಿದ್ದು 6, ಎದುರಾಳಿ ಪಾಲಾದದ್ದು 2. ಇಡೀ ಆಟದಲ್ಲಿ ಆರು ಸಲ ಅವರನ್ನು ಚೆಂಡಿನ ಸಮೇತ ಕೆಡವಿದರು. ಕೊನೆಗೆ 22–40ರ ಸೋಲು.

ಹೆದರಿದರಾ? ಇದೇ ಮನುಷ್ಯ 2020ರ ಸೂಪರ್ ಬೌಲ್‌ನ ಕೊನೆಯ ಕ್ವಾರ್ಟರ್‌ನಲ್ಲಿ 10–20 ಹಿಂದಿದ್ದರೂ 31–20ರಲ್ಲಿ ಗೆಲ್ಲಿಸಿದವರು. ಗೆದ್ದ ಮೂರು ಸೂಪರ್ ಬೌಲ್‌ಗಳಲ್ಲೂ ಶ್ರೇಷ್ಠ ಆಟಗಾರ ಅವರೇ. ಭಯ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ.

ಎಷ್ಟೋ ಸಲ ಎದುರಾಳಿಗಳು ಕ್ವಾರ್ಟರ್‌ಬ್ಯಾಕ್ ಮೇಲೆ ನಾಲ್ವರಿಗಿಂತ ಒಬ್ಬಿಬ್ಬರನ್ನು ಜಾಸ್ತಿ ನುಗ್ಗಿಸುತ್ತಾರೆ. ಆಗ ಹಿಂದೆ ಎಲ್ಲೋ ಜಾಗ ಖಾಲಿಯಾಗುತ್ತದೆ, ಜಾಣ ಅಲ್ಲಿಗೇ ಎಸೆಯುತ್ತಾನೆ. ಈಗಲ್ಸ್ ಆ ದಿನ ಒಂದು ಸಲವೂ ಹಾಗೆ ಮಾಡಲಿಲ್ಲ. ಮುಂದಿನ ನಾಲ್ವರೇ ಕಾವಲು ಮುರಿದರು. ಉಳಿದ ಏಳು ಮಂದಿ ಹಿಂದೆ ನಿಂತು ದಾರಿ ಮುಚ್ಚಿದರು.

ಮನಸ್ಸಿನ ಕತೆ ಇಲ್ಲಿಂದ ಶುರು. ನಾಲ್ಕು ಏಟು ಬಿದ್ದ ಮೇಲೆ ಕಣ್ಣು ದೂರದ ಜೊತೆಗಾರನನ್ನು ಬಿಟ್ಟು, ನುಗ್ಗಿ ಬರುವವನ ಮೇಲೆ ಇಳಿಯುತ್ತದೆ. ಯಾರೂ ಹತ್ತಿರ ಇಲ್ಲದಿದ್ದರೂ ಕಾಲು ಓಡತೊಡಗುತ್ತದೆ. ಬಲಕ್ಕೆ ಓಡುತ್ತಾ ಮಹೋಮ್ಸ್ ಎಸೆದ ಒಂದು ಚೆಂಡನ್ನು ಈಗಲ್ಸ್‌ನ ಕೂಪರ್ ಡಿಜೀನ್ ಹಿಡಿದು, 38 ಗಜ ಓಡಿ ಅಂಕ ಗಳಿಸಿದರು. ಅದು ಮಹೋಮ್ಸ್ ಅವರದೇ ತಪ್ಪು. ಚೆಂಡನ್ನು ಗೆರೆಯಾಚೆ ಎಸೆದುಬಿಡಬಹುದಿತ್ತು.

ಹಾಗಾಗಿ ನನ್ನ ಹಾಕಿ ಹುಡುಗರಿಗೆ ‘ಸಮಾಧಾನವಾಗಿರು’ ಅಂತ ಸುಮ್ನೆ ಹೇಳುವುದಿಲ್ಲ. ಕೋಚ್ ಜೊತೆ ಸೇರಿ ಒಬ್ಬ ಹುಡುಗನ ಮೇಲೆ ಇಬ್ಬರನ್ನು ಓಡಿಸುತ್ತೇವೆ. ಆ ಗಡಿಬಿಡಿಯಲ್ಲೇ, ದೂರದಲ್ಲಿ ನಿಂತವರು ಎತ್ತಿದ ಬೆರಳು ಎಷ್ಟು ಅಂತ ಅವನು ಕೂಗಿ ಹೇಳಬೇಕು. ವಾರಗಟ್ಟಲೆ ಇದೇ. ಆಮೇಲೂ ಫೈನಲ್ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ ಅಂದರೆ, ಆಗ ಕೂತು ಮಾತಾಡುತ್ತೇವೆ.