ಒಂದು ಪೆಟ್ಟು, ಕೋಟಿ ಕುಳಿ

ಹುಣ್ಣಿಮೆಯ ರಾತ್ರಿ ಒಂದು ಸಾಧಾರಣ ಬೈನಾಕ್ಯುಲರ್ ಹಿಡಿದು ಚಂದ್ರನನ್ನು ನೋಡಿ. ದಕ್ಷಿಣದ ಕಡೆಗೆ ಬೆಳ್ಳನೆಯ ಚುಕ್ಕೆಯೊಂದು ಎದ್ದು ಕಾಣುತ್ತದೆ. ಕಲ್ಲಂಗಡಿಯ ತೊಟ್ಟಿನಿಂದ ಗೆರೆಗಳು ಇಳಿದಂತೆ ಅದರಿಂದ ಬಿಳಿ ಪಟ್ಟೆಗಳು ಸುತ್ತಲೂ ಹರಡಿಕೊಂಡಿವೆ. ಆ ಚುಕ್ಕೆಯೇ ಟೈಕೋ, 85 ಕಿಲೋಮೀಟರ್ ಅಗಲದ ಕುಳಿ. ಪಟ್ಟೆಗಳು ಅದು ಹುಟ್ಟಿದ ದಿನ ಸಿಡಿದ ಕಲ್ಲುಮಣ್ಣಿನ ಜಾಡು. ಕೆಲವು ಒಂದೂವರೆ ಸಾವಿರ ಕಿಲೋಮೀಟರ್ ದಾಟಿ ಹೋಗಿವೆ. ನೌಕೆಗಳು ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಈ ಪಟ್ಟೆಗಳ ಉದ್ದಕ್ಕೂ ಸಣ್ಣ ಸಣ್ಣ ಕುಳಿಗಳು ಸಿಡುಬಿನ ಕಲೆಯ ಹಾಗೆ ತುಂಬಿಕೊಂಡಿವೆ. ಅವನ್ನು ತೋಡಿದ್ದು ಚಂದ್ರನದೇ ನೆಲದ ಬಂಡೆಗಳು. ಟೈಕೋದಲ್ಲಿ ಎದ್ದು, ಹಾರಿ, ದೂರದಲ್ಲಿ ಬಿದ್ದವು. ವಿಜ್ಞಾನಿಗಳು ಇವಕ್ಕೆ ದ್ವಿತೀಯಕ ಕುಳಿಗಳು ಎನ್ನುತ್ತಾರೆ. ನಾನು ಮರಿಕುಳಿ ಎನ್ನುತ್ತೇನೆ. ತಾಯಿ ಯಾರೆಂಬ ಪ್ರಶ್ನೆಯೇ ಇಲ್ಲಿ ಮುಖ್ಯ.

ಕೆಸರಿಗೆ ಕಲ್ಲೆಸೆದರೆ ಮುಖಕ್ಕೆ ರಾಚುತ್ತದಲ್ಲ, ಆಗುವುದು ಹೆಚ್ಚುಕಡಿಮೆ ಅದೇ. ಕ್ಷುದ್ರಗ್ರಹವೊಂದು ಚಂದ್ರನಿಗೆ ಅಪ್ಪಳಿಸುವುದು ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ. ಆಗ ಸಿಡಿದ ಚೂರುಗಳಲ್ಲಿ ಸೆಕೆಂಡಿಗೆ 2.4 ಕಿಲೋಮೀಟರ್ ಮೀರಿದವು ಚಂದ್ರನನ್ನೇ ಬಿಟ್ಟುಹೋಗುತ್ತವೆ. ಉಳಿದವು ಮರಳಿ ಬೀಳಲೇಬೇಕು. ತಡೆಯಲು ಗಾಳಿಯಿಲ್ಲದ್ದರಿಂದ ಹೊರಟ ವೇಗದಲ್ಲೇ ಬಂದು ಬಡಿಯುತ್ತವೆ. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ಓರೆಯಾಗಿ ಹಾರಿದ ಬಂಡೆ 700 ಕಿಲೋಮೀಟರ್ ಆಚೆ ಬಿದ್ದೀತು.

ಮೊದಲ ಹೊಡೆತಕ್ಕೆ ಹೋಲಿಸಿದರೆ ಇದು ನಿಧಾನ. ಹಾಗಾಗಿ ಮರಿಕುಳಿಗಳು ಆಳವಿಲ್ಲದೆ, ಉದ್ದುದ್ದವಾಗಿ, ಅಂಕುಡೊಂಕಾಗಿ ಇರುತ್ತವೆ. ಒಂಟಿಯಾಗಿ ಬೀಳುವುದೂ ಕಡಿಮೆ, ಗುಂಪಾಗಿಯೋ ಸರಪಳಿಯಾಗಿಯೋ ಬೀಳುತ್ತವೆ. ಅಕ್ಕಪಕ್ಕದಲ್ಲಿ ಒಂದೇ ಕ್ಷಣಕ್ಕೆ ಎರಡು ಬಂಡೆ ಬಿದ್ದರೆ ಅವೆಬ್ಬಿಸಿದ ಮಣ್ಣು ಒಂದಕ್ಕೊಂದು ಡಿಕ್ಕಿ ಹೊಡೆದು ಬಾಣದ ಮೊನೆಯಂಥ ದಿಣ್ಣೆಯಾಗುತ್ತದೆ. ಆ ಮೊನೆ ತಾಯಿಕುಳಿಯ ದಿಕ್ಕಿಗೇ ಇರುತ್ತದೆ! ಭೂವಿಜ್ಞಾನಿ ಯೂಜೀನ್ ಶೂಮೇಕರ್ 1960ರ ದಶಕದ ಆರಂಭದಲ್ಲೇ ಚಂದ್ರನ ಕೋಪರ್ನಿಕಸ್ ಕುಳಿಯ ಸುತ್ತಲಿನ ಮರಿಕುಳಿಗಳನ್ನು ಹಿಡಿದು, ಅವುಗಳ ಬಂಡೆಗಳು ಹಾರಿಬಂದ ಹಾದಿಯನ್ನು ಲೆಕ್ಕ ಹಾಕಿ ತೋರಿಸಿದ್ದರು.

ತೊಡಕು ಶುರುವಾಗುವುದು ಎಣಿಕೆಯಲ್ಲಿ. ಮಂಗಳದ ಯಾವುದೋ ಬಯಲು ಎಷ್ಟು ಹಳೆಯದು ಎಂದು ತಿಳಿಯಲು ಅಲ್ಲಿನ ಕಲ್ಲು ನಮ್ಮ ಕೈಯಲ್ಲಿಲ್ಲ, ಇರುವುದು ಚಿತ್ರ ಮಾತ್ರ. ಕುಳಿ ಹೆಚ್ಚಿದ್ದರೆ ಹಳೆಯ ನೆಲ, ಕಡಿಮೆಯಿದ್ದರೆ ಹೊಸದು. ಅಪೋಲೋ ಯಾತ್ರಿಗಳು ಚಂದ್ರನಿಂದ ತಂದ ಕಲ್ಲುಗಳ ವಯಸ್ಸಿನೊಂದಿಗೆ ತಾಳೆ ಹಾಕಿ ಈ ಗಡಿಯಾರ ಸಿದ್ಧವಾಗಿದೆ. ಕುಳಿಗಳು ಮಳೆಹನಿಯಂತೆ ಒಂದೊಂದಾಗಿ, ಯುಗಯುಗಗಳ ಕಾಲ ಬಿದ್ದಿವೆ ಎಂಬುದು ಇದರ ಆಧಾರ. ಒಂದೇ ದಿನ ಕೋಟಿ ಹನಿ ಬಿದ್ದಿದ್ದರೆ?

ಬಿದ್ದಿತ್ತು. ಮಂಗಳದಲ್ಲಿ ಝುನಿಲ್ ಎಂಬ ಕುಳಿಯಿದೆ, ಅಗಲ 10 ಕಿಲೋಮೀಟರ್ ಅಷ್ಟೆ. ರಾತ್ರಿ ಹೊತ್ತು ತೆಗೆದ ಶಾಖಚಿತ್ರಗಳಲ್ಲಿ ಅದರಿಂದ ಹೊರಟ ಪಟ್ಟೆಗಳು ಕಂಡವು. ಆಲ್ಫ್ರೆಡ್ ಮೆಕ್‌ಯೂವನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಆ ಒಂದೇ ಪೆಟ್ಟಿಗೆ 10 ಮೀಟರಿಗಿಂತ ದೊಡ್ಡ ಮರಿಕುಳಿಗಳು ಸುಮಾರು ಒಂದು ಕೋಟಿ ಹುಟ್ಟಿವೆ, 1,600 ಕಿಲೋಮೀಟರ್ ದೂರದವರೆಗೂ. ದೂರ ಹಾರಿದ ಬಂಡೆ ಜೋರಾಗಿ ಬೀಳುತ್ತದೆ, ಅದರ ಕುಳಿ ದುಂಡಗೆ, ಒಂಟಿಯಾಗಿ ಇರುತ್ತದೆ. ಆಕಾಶದಿಂದ ಬಂದದ್ದೋ ನೆಲದಿಂದ ಎದ್ದದ್ದೋ ಎಂದು ಗುರುತಿಸುವುದು ಬಲು ಕಷ್ಟ.

ಗ್ರಹವಿಜ್ಞಾನಿ ವಿಲಿಯಂ ಹಾರ್ಟ್‌ಮನ್ ಅವರದು ಬೇರೆ ವಾದ: ತಾಯಿ ಮರಿ ಎರಡನ್ನೂ ಸೇರಿಸಿಯೇ ಗಡಿಯಾರ ಹೊಂದಿಸಿದರೆ ಗೊಂದಲವೇ ಇಲ್ಲ. ನೂರಾರು ಕೋಟಿ ವರ್ಷದ ವಿಶಾಲ ಬಯಲಿಗೆ ಇದು ಒಪ್ಪತಕ್ಕ ಮಾತೇ, ಅಷ್ಟು ಕಾಲದಲ್ಲಿ ಏರಿಳಿತ ಸರಾಸರಿಗೆ ಬರುತ್ತದೆ. ಆದರೆ ಎಳೆಯ ವಯಸ್ಸಿನ ಪುಟ್ಟ ತುಣುಕು ನೆಲಕ್ಕೆ ಸಣ್ಣ ಕುಳಿಗಳನ್ನು ಮಾತ್ರ ಎಣಿಸಿ ವಯಸ್ಸು ಹೇಳಿದರೆ ನಾನಂತೂ ನಂಬುವುದಿಲ್ಲ. ಗುರುವಿನ ಉಪಗ್ರಹ ಯುರೋಪಾದ ಮಂಜಿನ ಮೇಲಿನ ಸಣ್ಣ ಕುಳಿಗಳಲ್ಲಿ ಶೇಕಡಾ 95ರಷ್ಟು ಮರಿಕುಳಿಗಳೇ ಎಂದು 2005ರ ಇನ್ನೊಂದು ಅಧ್ಯಯನ ಹೇಳಿತು.

ಇಷ್ಟೆಲ್ಲ ಕಾಟ ಕೊಡುವ ಮರಿಕುಳಿಗಳೇ ಟೈಕೋದ ವಯಸ್ಸನ್ನು ನಮಗೆ ಹೇಳಿದ್ದು. 1972ರ ಡಿಸೆಂಬರ್‌ನಲ್ಲಿ ಯೂಜೀನ್ ಸೆರ್ನನ್ ಮತ್ತು ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅಪೋಲೋ 17ರಲ್ಲಿ ಹೋಗಿ ಟಾರಸ್-ಲಿಟ್ರೋ ಕಣಿವೆಯಲ್ಲಿ ಇಳಿದರು. ಟೈಕೋದಿಂದ ಅಲ್ಲಿಗೆ ಸುಮಾರು 2,250 ಕಿಲೋಮೀಟರ್. ಸೆಕೆಂಡಿಗೆ ಒಂದೂವರೆ ಕಿಲೋಮೀಟರ್ ವೇಗದಲ್ಲಿ ಎದ್ದ ಬಂಡೆ ಅಷ್ಟು ದೂರ ಬರಬಲ್ಲದು. ಕಣಿವೆಯ ನೆಲದಲ್ಲಿ ಕುಳಿಗಳ ಗುಂಪೊಂದಿತ್ತು, ಟೈಕೋದ ಮರಿಗಳೆಂದು ಬಹಳ ಮಂದಿ ಒಪ್ಪಿದ ಗುಂಪು. ಆ ಕುಳಿಗಳು ಆಳದಿಂದ ಎತ್ತಿ ಮೇಲೆಸೆದ ಕಲ್ಲುಗಳನ್ನು ಯಾತ್ರಿಗಳು ಭೂಮಿಗೆ ತಂದರು. ಮಣ್ಣಿನಡಿ ಹೂತಿದ್ದ ಕಲ್ಲಿಗೆ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣ ತಾಗುವುದಿಲ್ಲ. ಮೇಲೆ ಬಂದ ಗಳಿಗೆಯಿಂದ ತಾಗತೊಡಗುತ್ತದೆ, ಕಲ್ಲಿನೊಳಗೆ ನಿಯಾನ್, ಕ್ರಿಪ್ಟಾನ್‌ನಂಥ ಅನಿಲಗಳ ವಿಶೇಷ ಐಸೊಟೋಪುಗಳು (ಒಂದೇ ಧಾತುವಿನ, ತೂಕ ಬೇರೆಯಾದ ರೂಪಗಳು) ಕೂಡಿಕೊಳ್ಳುತ್ತ ಹೋಗುತ್ತವೆ. ಅವನ್ನು ಅಳೆದಾಗ ಸಿಕ್ಕಿದ್ದು ಸುಮಾರು 11 ಕೋಟಿ ವರ್ಷ. ಟೈಕೋದಲ್ಲಿ ಯಾರೂ ಕಾಲಿಟ್ಟಿಲ್ಲ, ಅಳೆದ ಕಲ್ಲುಗಳೂ ಟೈಕೋದವಲ್ಲ, ಕಣಿವೆಯವೇ. ಆದರೂ ಚಂದ್ರನ ಇತ್ತೀಚಿನ ಇತಿಹಾಸಕ್ಕೆ ಇದೊಂದು ಗಟ್ಟಿ ಗೂಟ. ಇದನ್ನು ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಭೂಮಿಯಲ್ಲಿ ಮರಿಕುಳಿ ಸಿಗುವುದೇ ಇಲ್ಲವೆಂಬಷ್ಟು ಅಪರೂಪ. ಗಾಳಿ ಚೂರುಗಳನ್ನು ತಡೆಯುತ್ತದೆ, ಮಳೆ ಗುರುತು ಅಳಿಸುತ್ತದೆ. ಆದರೂ ಅಮೆರಿಕದ ವಯೋಮಿಂಗ್‌ನ ಡಗ್ಲಸ್ ಊರಿನ ಸುತ್ತಮುತ್ತ 28 ಕೋಟಿ ವರ್ಷ ಹಳೆಯ ಮರಳುಗಲ್ಲಿನಲ್ಲಿ 10ರಿಂದ 70 ಮೀಟರ್ ಅಗಲದ 31 ಕುಳಿಗಳನ್ನು ಥಾಮಸ್ ಕೆಂಕ್‌ಮನ್ ಅವರ ತಂಡ 2022ರಲ್ಲಿ ವರದಿ ಮಾಡಿತು. ಹಲವು ಕುಳಿಗಳು ಮೊಟ್ಟೆಯಂತೆ ಉದ್ದವಾಗಿವೆ. ಆ ಉದ್ದದ ಗೆರೆಗಳನ್ನು ಹಿಂದಕ್ಕೆ ಎಳೆದಾಗ ಅವು ನೆಬ್ರಾಸ್ಕಾ ಗಡಿಯ ಬಳಿ ಕೂಡುತ್ತವೆ. 50ರಿಂದ 65 ಕಿಲೋಮೀಟರ್ ಅಗಲದ ತಾಯಿಕುಳಿ ಅಲ್ಲಿ ಇರಬೇಕೆಂದು ತಂಡದ ಲೆಕ್ಕ. ಮೇಲೆ ನಿಂತರೆ ಏನೂ ಕಾಣದು. ಅದರ ಮೇಲೆ ಕೋಟ್ಯಂತರ ವರ್ಷಗಳ ಹೂಳು ಕೂತಿದೆ.