ಒಂದೇ ಒಲೆಯ ಅಡುಗೆ: ಕಾಲೇಜು ವಿದ್ಯಾರ್ಥಿಗಳಿಗೊಂದು ಅಧ್ಯಯನ ಟಿಪ್ಪಣಿ

ಅಡುಗೆಯನ್ನು ಹೊಸದಾಗಿ ಕಲಿಯಹೊರಟವರು ಸಾಮಾನ್ಯವಾಗಿ ಯಾವುದಾದರೊಂದು ಪಾಕವಿಧಾನವನ್ನು ಮುಂದಿಟ್ಟುಕೊಂಡು ಆರಂಭಿಸುತ್ತಾರೆ. ಆದರೆ ಪಾಕವಿಧಾನದಲ್ಲಿರುವ ಅಳತೆಯೂ ಸಮಯವೂ ಅದನ್ನು ಬರೆದವರ ಒಲೆಗೆ, ಅವರ ಪಾತ್ರೆಗೆ, ಅವರು ಬಳಸುವ ನೀರಿಗೆ ಹೊಂದಿಕೊಂಡಿರುತ್ತವೆ. ತೆಳು ತಳದ ಒಂದೇ ಪಾತ್ರೆಯನ್ನಿಟ್ಟುಕೊಂಡು, ಹಲವರು ಹಂಚಿಕೊಂಡ ಅಡುಗೆಮನೆಯಲ್ಲಿ, ತರಗತಿಗೆ ಹೊರಡುವ ಆತುರದಲ್ಲಿ ಬೇಯಿಸುವ ವಿದ್ಯಾರ್ಥಿಗೆ ಅದೇ ಅಳತೆಯಿಂದ ಅದೇ ಫಲ ದೊರೆಯುವುದಿಲ್ಲ. ಹೀಗಿರುವಾಗ ಹಲವು ಪಾಕವಿಧಾನಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಶಾಖ, ನೀರು, ಉಪ್ಪು, ಹುಳಿ ಈ ನಾಲ್ಕೂ ಆಹಾರದ ಮೇಲೆ ಏನು ಪರಿಣಾಮ ಬೀರುತ್ತವೆ ಎಂಬುದನ್ನು ತಿಳಿದುಕೊಳ್ಳುವುದೇ ಹೆಚ್ಚು ಉಪಯುಕ್ತವೆಂದು ನಾನು ಬಲವಾಗಿ ನಂಬಿದ್ದೇನೆ. ಕಾರಣ ತಿಳಿದವರು ಅಳತೆಯನ್ನು ತಾವೇ ತಿದ್ದಿಕೊಳ್ಳಬಲ್ಲರು.

ಊಟದ ಚೌಕಟ್ಟು

ಒಂದು ಧಾನ್ಯ, ಒಂದು ಬೇಳೆ ಅಥವಾ ಕಾಳು ಇಲ್ಲವೇ ಮೊಟ್ಟೆ, ಜೊತೆಗೆ ಒಂದೆರಡು ತರಕಾರಿ: ಇಷ್ಟಿದ್ದರೆ ಪೂರ್ಣ ಊಟವಾಗುತ್ತದೆ. ಧಾನ್ಯಗಳ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಧಾರಾಳವಾಗಿದ್ದು ಮೆಥಿಯೊನೀನ್ ಕಡಿಮೆಯಿರುತ್ತದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ ಇವೆರಡರ ಜೋಡಿ ಅಗ್ಗವೂ ಹೌದು, ಪುಷ್ಟಿಕರವೂ ಹೌದು. ಎರಡೂ ಒಂದೇ ತಟ್ಟೆಯಲ್ಲಿ ಇರಲೇಬೇಕೆಂದಿಲ್ಲ, ಒಂದು ದಿನದೊಳಗೆ ಎರಡನ್ನೂ ತಿಂದರೆ ಸಾಕು. ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಅದರೊಂದಿಗೆ ನಿಂಬೆರಸ, ಟೊಮೆಟೊ ಮುಂತಾದ ಸಿ ಜೀವಸತ್ವವುಳ್ಳ ಪದಾರ್ಥ ಸೇರಿದಾಗ ಹೀರಿಕೆ ಹೆಚ್ಚುತ್ತದೆ. ಬಡಿಸುವ ಮೊದಲು ನಾಲ್ಕು ಹನಿ ನಿಂಬೆರಸ ಹಿಂಡುವುದರಿಂದ ಹೀಗೆ ರುಚಿಯ ಜೊತೆಗೆ ಈ ಪ್ರಯೋಜನವೂ ದೊರೆಯುತ್ತದೆ.

ನೀರು ಮತ್ತು ಶಾಖ

ತೆರೆದ ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಅದರ ಬಿಸಿ ಆ ಮಿತಿಯನ್ನು ದಾಟುವುದಿಲ್ಲ. ಹೊಸಬರು ಮೊದಲು ಮನಗಾಣಬೇಕಾದ ಸಂಗತಿ ಇದೇ. ಕುದಿ ಬಂದ ಮೇಲೆ ದೊಡ್ಡ ಉರಿಯಲ್ಲಿ ಬೇಯಿಸಿದರೆ ಪದಾರ್ಥ ಬೇಗ ಬೇಯುವುದಿಲ್ಲ, ನೀರು ಮಾತ್ರ ಬೇಗ ಆವಿಯಾಗಿ ತಳ ಹಿಡಿಯುತ್ತದೆ. ಆದ್ದರಿಂದ ಕುದಿ ಬಂದೊಡನೆ ಉರಿಯನ್ನು ತಗ್ಗಿಸಿ ಮುಚ್ಚಳ ಮುಚ್ಚುವುದು ಇಂಧನಕ್ಕೂ ಒಳ್ಳೆಯದು, ಪಾತ್ರೆಗೂ ಒಳ್ಳೆಯದು. ಎತ್ತರದ ಪ್ರದೇಶಗಳಲ್ಲಿ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಉಷ್ಣತೆ ಇಳಿಯುವುದರಿಂದ ಅಲ್ಲಿ ಬೇಯುವ ಸಮಯ ಹೆಚ್ಚಾಗುತ್ತದೆ.

ಈ ಮಿತಿಯನ್ನು ದಾಟಿಸುವ ಸಾಧನವೇ ಪ್ರೆಷರ್ ಕುಕ್ಕರ್. ಇದರ ಮೂಲರೂಪವನ್ನು ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ನಿರ್ಮಿಸಿದನು. ಮನೆಬಳಕೆಯ ಕುಕ್ಕರಿನೊಳಗೆ ಒತ್ತಡವು ಹೊರಗಿನ ವಾತಾವರಣದ ಸುಮಾರು ಎರಡರಷ್ಟಾಗುವುದರಿಂದ ನೀರು 120 ಡಿಗ್ರಿಯ ಆಸುಪಾಸಿನವರೆಗೂ ಕಾಯುತ್ತದೆ, ಕಾಳುಗಳು ತೆರೆದ ಪಾತ್ರೆಗಿಂತ ಬಹಳ ಬೇಗ ಮೆತ್ತಗಾಗುತ್ತವೆ. ಕುಕ್ಕರನ್ನು ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ನೊರೆಯೇಳುವ ಬೇಳೆಕಾಳುಗಳಾದರೆ ಅರ್ಧಕ್ಕೇ ನಿಲ್ಲಿಸಬೇಕು. ಒತ್ತಡ ಪೂರ್ತಿ ಇಳಿಯುವ ಮೊದಲು ಮುಚ್ಚಳವನ್ನು ಬಲವಂತವಾಗಿ ತೆಗೆಯುವ ಪ್ರಯತ್ನವನ್ನು ಯಾರೂ ಮಾಡಬಾರದು.

ಅನ್ನ ಬೇಯುವುದು ನೀರು ಮತ್ತು ಶಾಖದ ಸರಳ ಉದಾಹರಣೆ. ಅಕ್ಕಿಯೊಳಗಿನ ಪಿಷ್ಟದ ಕಣಗಳು ಬಹುತೇಕ 60ರಿಂದ 80 ಡಿಗ್ರಿಯ ನಡುವೆ ನೀರು ಹೀರಿ ಉಬ್ಬಿ ಮೃದುವಾಗುತ್ತವೆ. ಅಮೈಲೋಸ್ ಎಂಬ ಪಿಷ್ಟ ಹೆಚ್ಚಾಗಿರುವ ಅಕ್ಕಿಯ ಅನ್ನ ಬಿಡಿಬಿಡಿಯಾಗಿ ನಿಲ್ಲುತ್ತದೆ, ಅದು ಕಡಿಮೆಯಿರುವ ಅಕ್ಕಿಯ ಅನ್ನ ಅಂಟಿಕೊಳ್ಳುತ್ತದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಗೆ ಅಳತೆಯ ಎರಡರಷ್ಟು ನೀರಿನಿಂದ ಆರಂಭಿಸಿ, ಮರುಸಲ ಫಲ ನೋಡಿಕೊಂಡು ಹೆಚ್ಚು ಕಡಿಮೆ ಮಾಡಬಹುದು. ಉರಿ ಆರಿಸಿದ ಮೇಲೆ ಮುಚ್ಚಳ ತೆಗೆಯದೆ ಹತ್ತು ನಿಮಿಷ ಬಿಟ್ಟರೆ, ತಳದ ತೇವವೂ ಮೇಲಿನ ತೇವವೂ ಸಮನಾಗಿ ಹರಡಿ ಅಗುಳು ಒಡೆಯದೆ ಬಿಡಿಸಿಕೊಳ್ಳುತ್ತದೆ. ಈ ಹತ್ತು ನಿಮಿಷಗಳನ್ನು ಬೇಯಿಸುವ ಸಮಯದ ಭಾಗವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾಳುಗಳ ವಿಷಯ

ಬೇಳೆಕಾಳುಗಳ ವಿಷಯದಲ್ಲಿ ವಿದ್ಯಾರ್ಥಿಗಳು ಬೇಸರಪಡುವಷ್ಟು ಮತ್ತಾವುದರಲ್ಲೂ ಪಡುವುದಿಲ್ಲ. ಗಂಟೆಗಟ್ಟಲೆ ಬೇಯಿಸಿದರೂ ಕಾಳು ಗಟ್ಟಿಯಾಗಿಯೇ ಉಳಿಯಿತೆಂಬ ದೂರು ಸಾಮಾನ್ಯ. ಇದಕ್ಕೆ ನಾಲ್ಕು ಕಾರಣಗಳಿರಬಹುದು, ಮತ್ತು ಅವು ಒಂದಕ್ಕೊಂದು ಸೇರಿಕೊಂಡೂ ಇರಬಹುದು. ಕಾಳು ಬಹಳ ಹಳೆಯದಾಗಿದ್ದರೆ ಅದು ಬೇಯುವುದು ನಿಧಾನ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ, ಅಂದರೆ ನೀರು ಗಡುಸಾಗಿದ್ದರೆ, ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಇನ್ನಷ್ಟು ಬಿಗಿಯಾಗುತ್ತದೆ. ಮೂರನೆಯ ಕಾರಣ ಹುಳಿ: ಟೊಮೆಟೊ ಅಥವಾ ನಿಂಬೆರಸವನ್ನು ಆರಂಭದಲ್ಲೇ ಹಾಕಿದರೆ ಆಮ್ಲವು ಪೆಕ್ಟಿನ್ ಕರಗದಂತೆ ತಡೆಯುತ್ತದೆ, ಆದ್ದರಿಂದ ಕಾಳು ಬೆರಳಿಗೆ ಮಿದುವಾಗುವವರೆಗೂ ಹುಳಿ ಸೇರಿಸಬಾರದು. ಆಲೂಗಡ್ಡೆಗೂ ಇದೇ ನಿಯಮ ಅನ್ವಯಿಸುತ್ತದೆ. ನಾಲ್ಕನೆಯ ಕಾರಣ, ಸಾಕಷ್ಟು ನೆನೆಸದಿರುವುದು. ದಪ್ಪ ಕಾಳುಗಳನ್ನು ರಾತ್ರಿ ಮಲಗುವ ಮುನ್ನ ನೆನೆಹಾಕಿದರೆ ಬೇಯುವ ಸಮಯ ಗಣನೀಯವಾಗಿ ತಗ್ಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ನೆನೆಸುವ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸೋಡಿಯಂ ಅಯಾನುಗಳು ಸಿಪ್ಪೆಯಲ್ಲಿನ ಕ್ಯಾಲ್ಸಿಯಮ್ಮನ್ನು ಕೊಂಚಮಟ್ಟಿಗೆ ಸ್ಥಳಾಂತರಿಸುವುದರಿಂದ ಸಿಪ್ಪೆ ಒಡೆಯದೆ ಸಮವಾಗಿ ಮೃದುವಾಗುತ್ತದೆ.

ಕೆಂಪು ರಾಜ್ಮಾ ಕಾಳಿನ ವಿಷಯದಲ್ಲಿ ಎಚ್ಚರಿಕೆ ಅತ್ಯಗತ್ಯ. ಹಸಿ ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನ್ ಇದೆ. ಸರಿಯಾಗಿ ಬೇಯದ ನಾಲ್ಕೈದು ಕಾಳುಗಳೇ ಕೆಲವು ಗಂಟೆಗಳೊಳಗೆ ತೀವ್ರ ವಾಂತಿ ಭೇದಿಯನ್ನು ಉಂಟುಮಾಡಬಲ್ಲವು. ಕನಿಷ್ಠ ಐದು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಜೋರಾಗಿ ಕುದಿಸುವುದರಿಂದ ಆ ವಿಷ ನಾಶವಾಗುತ್ತದೆ. ಹತ್ತು ನಿಮಿಷದ ಬಿರುಸಾದ ಕುದಿ ಅತಿ ಕನಿಷ್ಠ ಮಿತಿ. 30 ನಿಮಿಷ ಕುದಿಸುವುದು ಹೆಚ್ಚು ಕ್ಷೇಮಕರ. ಆಮೇಲೆ ಕಾಳು ಪೂರ್ತಿ ಮೆತ್ತಗಾಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಬಹುದು. ಕುದಿಯ ಮಟ್ಟಕ್ಕೆ ಏರದೆ ಮಂದವಾಗಿ ಬೇಯಿಸುವ ವಿದ್ಯುತ್ ಪಾತ್ರೆಗಳಲ್ಲಿ ಹಸಿ ರಾಜ್ಮಾವನ್ನು ನೇರವಾಗಿ ಹಾಕಲೇಬಾರದು, ಏಕೆಂದರೆ ಆ ಮಧ್ಯಮ ಬಿಸಿಯಲ್ಲಿ ವಿಷ ನಾಶವಾಗುವ ಬದಲು ಅದರ ತೀವ್ರತೆ ಹೆಚ್ಚುವ ಸಂಭವವಿದೆ.

ಇಷ್ಟೆಲ್ಲ ಸಮಯವಿಲ್ಲದವರಿಗೆ ಸಿಪ್ಪೆ ತೆಗೆದು ಒಡೆದ ಬೇಳೆಗಳಿವೆ. ಕೆಂಪು ಬಣ್ಣದ ಮಸೂರ ಬೇಳೆ ನೆನೆಸದೆಯೂ ಸುಮಾರು 20 ನಿಮಿಷದಲ್ಲಿ ಬೇಯುತ್ತದೆ. ಒಂದು ಅಳತೆ ಅಕ್ಕಿ, ಅರ್ಧ ಅಳತೆ ಮಸೂರ ಬೇಳೆ, ನಾಲ್ಕೂವರೆ ಅಳತೆಯಷ್ಟು ನೀರು, ಉಪ್ಪು ಇವನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ಗಟ್ಟಿ ಗೆಡ್ಡೆತರಕಾರಿಯನ್ನು ಆರಂಭದಲ್ಲೇ, ಎಳೆಯ ತರಕಾರಿಯನ್ನು ನಡುವೆ, ಸೊಪ್ಪನ್ನು ಕೊನೆಯ ಎರಡು ನಿಮಿಷದಲ್ಲಿ ಸೇರಿಸಿದರೆ ಮೇಲೆ ಹೇಳಿದ ಚೌಕಟ್ಟಿನ ಪೂರ್ಣ ಊಟ ಒಂದೇ ಪಾತ್ರೆಯಲ್ಲಿ ಸಿದ್ಧವಾಗುತ್ತದೆ. ಪರೀಕ್ಷೆಯ ವಾರಕ್ಕೆ ಇದಕ್ಕಿಂತ ಒಳ್ಳೆಯ ಅಡುಗೆಯನ್ನು ನಾನು ಕಾಣೆ: ಕಲಸಿದಂತಿರುವ ಈ ಅನ್ನ ಹೊಟ್ಟೆಗೆ ಹಗುರ, ತೊಳೆಯಬೇಕಾದ ಪಾತ್ರೆಯೂ ಒಂದೇ. ಬೆಂದ ನೀರನ್ನು ಬಸಿದು ಚೆಲ್ಲದಿರುವುದರಿಂದ ನೀರಿನಲ್ಲಿ ಕರಗುವ ಜೀವಸತ್ವಗಳೂ ಪಾತ್ರೆಯಲ್ಲೇ ಉಳಿಯುತ್ತವೆ.

ಹುರಿಯುವಾಗ ನಡೆಯುವುದೇನು

ಬೇಯಿಸಿದ ಈರುಳ್ಳಿಗೂ ಹುರಿದ ಈರುಳ್ಳಿಗೂ ಇರುವ ರುಚಿಯ ವ್ಯತ್ಯಾಸದಲ್ಲಿ ಒಂದು ರಾಸಾಯನಿಕ ಕ್ರಿಯೆಯ ಪಾತ್ರ ದೊಡ್ಡದು. ಅಮೈನೋ ಆಮ್ಲಗಳೂ ಸಕ್ಕರೆಗಳೂ ಬಿಸಿಯಲ್ಲಿ ವರ್ತಿಸಿ ಕಂದು ಬಣ್ಣವನ್ನೂ ನೂರಾರು ಸುವಾಸನೆಯ ಸಂಯುಕ್ತಗಳನ್ನೂ ಉಂಟುಮಾಡುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀ ಮಯ್ಯಾರ್ 1912ರಲ್ಲಿ ವಿವರಿಸಿದನು. ಇದು ಸುಮಾರು 140 ಡಿಗ್ರಿಯ ಮೇಲೆ ಚುರುಕಾಗುತ್ತದೆ. ಪದಾರ್ಥದ ಮೈಮೇಲೆ ನೀರಿರುವವರೆಗೂ ಅಲ್ಲಿನ ಬಿಸಿ 100ರ ಆಸುಪಾಸಿನಲ್ಲೇ ನಿಲ್ಲುವುದರಿಂದ, ನೀರು ಹಾರುವ ತನಕ ಕಂದು ಬಣ್ಣ ಬರುವುದಿಲ್ಲ. ತರಕಾರಿಯನ್ನು ತೊಳೆದು ಒರೆಸದೆ ಬಾಣಲೆಗೆ ಹಾಕಿದಾಗ, ಅಥವಾ ಚಿಕ್ಕ ಬಾಣಲೆಯಲ್ಲಿ ರಾಶಿಯಾಗಿ ತುಂಬಿದಾಗ ಅದು ಹುರಿಯದೆ ಹಬೆಯಲ್ಲಿ ಬೆಂದು ಬಾಡುವುದು ಇದರಿಂದಲೇ. ಒರೆಸಿ, ಎರಡು ಸಲವಾಗಿ ಹಾಕಿ, ಆಗಾಗ ಕೈಯಾಡಿಸದೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಅದೇ ತರಕಾರಿಗೆ ಬೇರೆಯೇ ರುಚಿ ಬರುತ್ತದೆ. ಬೆಂದ ಬೇಳೆಯ ಸಪ್ಪೆತನವನ್ನು ಹೋಗಲಾಡಿಸಲು ಹೀಗೆ ಹುರಿದ ಒಂದು ಈರುಳ್ಳಿಯೇ ಸಾಕು.

ಎಣ್ಣೆ ಹೊಗೆಯಾಡತೊಡಗಿದರೆ ಉರಿಯನ್ನು ಕೂಡಲೇ ತಗ್ಗಿಸಬೇಕು. ಎಣ್ಣೆಗೆ ಬೆಂಕಿ ಹೊತ್ತಿಕೊಂಡರೆ ಅದರ ಮೇಲೆ ನೀರು ಸುರಿಯಬಾರದು. ನೀರು ಕ್ಷಣದಲ್ಲಿ ಆವಿಯಾಗಿ ಉರಿಯುವ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಒಲೆಯನ್ನು ಆರಿಸಿ, ಬಾಣಲೆಯನ್ನು ಕದಲಿಸದೆ, ಲೋಹದ ಮುಚ್ಚಳವನ್ನು ಮುಚ್ಚಿ ಅದು ತಣ್ಣಗಾಗುವವರೆಗೂ ತೆರೆಯದೆ ಬಿಡಬೇಕು.

ಮೊಟ್ಟೆ ತಿನ್ನುವವರಿಗೆ ಅದು ಅತ್ಯಂತ ಸುಲಭವಾದ ಪ್ರೋಟೀನಿನ ಮೂಲ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಕುದಿಯುವ ನೀರಿನಲ್ಲಿ ಆರೇಳು ನಿಮಿಷ ಬೇಯಿಸಿದರೆ ಹಳದಿ ಭಾಗ ಮೆತ್ತಗಿರುತ್ತದೆ, ಹತ್ತರಿಂದ ಹನ್ನೆರಡು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಹೆಚ್ಚು ಬೇಯಿಸಿದಾಗ ಹಳದಿಯ ಸುತ್ತ ಕಾಣುವ ಹಸಿರು ಅಂಚು ಕಬ್ಬಿಣ ಮತ್ತು ಗಂಧಕ ಕೂಡಿ ಉಂಟಾಗುವಂಥದ್ದು, ನಿರಪಾಯಕಾರಿ.

ಉಪ್ಪನ್ನು ಒಮ್ಮೆಗೇ ಹಾಕದೆ ಹಂತಹಂತವಾಗಿ ಹಾಕಿ ರುಚಿ ನೋಡಬೇಕು. ವಯಸ್ಕರು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಸಣ್ಣ ಚಮಚಕ್ಕೂ ಕಡಿಮೆ ಉಪ್ಪು ಸೇವಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪು ಹೆಚ್ಚಾದಾಗ ಆಲೂಗಡ್ಡೆ ಹಾಕಿದರೆ ಅದು ಉಪ್ಪನ್ನು ಹೀರಿಕೊಳ್ಳುತ್ತದೆಂದು ಹೇಳುವುದುಂಟು. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಉಪ್ಪೊಂದನ್ನೇ ಅಲ್ಲ. ಉಳಿದ ರಸದ ಉಪ್ಪು ಹಾಗೆಯೇ ಇರುತ್ತದೆ. ನೀರನ್ನೋ ಉಪ್ಪಿಲ್ಲದ ಬೇಳೆಯನ್ನೋ ಹೆಚ್ಚಿಸುವುದೇ ಸರಿಯಾದ ಪರಿಹಾರ. ಎಲ್ಲ ಸರಿಯಿದ್ದೂ ರುಚಿ ಮಂಕಾಗಿದೆ ಎನ್ನಿಸಿದರೆ ಬಹಳಷ್ಟು ಸಲ ಕೊರತೆಯಾಗಿರುವುದು ಉಪ್ಪಲ್ಲ, ಹುಳಿ.

ಉಳಿದ ಆಹಾರ

ಒಬ್ಬರಿಗಾಗಿ ದಿನವೂ ಬೇಯಿಸುವುದು ಕಷ್ಟವಾದ್ದರಿಂದ ವಿದ್ಯಾರ್ಥಿಗಳು ಒಮ್ಮೆಗೇ ಹೆಚ್ಚು ಬೇಯಿಸಿಡುವುದು ಸಹಜ ಮತ್ತು ಜಾಣತನದ ಕೆಲಸ. ಆದರೆ ಆರೋಗ್ಯಕ್ಕೆ ಅಪಾಯ ಹೆಚ್ಚಾಗಿ ಬರುವುದೂ ಇಲ್ಲಿಂದಲೇ. ಬ್ಯಾಕ್ಟೀರಿಯಾಗಳು ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿಯ ನಡುವೆ. ಅನ್ನದಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದ ಮೇಲೂ ಬದುಕುಳಿಯುತ್ತವೆ. ಅನ್ನವನ್ನು ಹೊರಗೇ ಬಿಟ್ಟರೆ ಅವು ಮೊಳೆತು, ವಾಂತಿ ತರುವ ವಿಷವನ್ನು ಸ್ರವಿಸುತ್ತವೆ. ಆ ವಿಷ ಶಾಖಕ್ಕೆ ಜಗ್ಗುವುದಿಲ್ಲ. ಅಂದರೆ ರಾತ್ರಿಯಿಡೀ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಎಷ್ಟೇ ಚೆನ್ನಾಗಿ ಬಿಸಿ ಮಾಡಿದರೂ ಅದು ಸುರಕ್ಷಿತವಾಗುವುದಿಲ್ಲ. ವಾಸನೆ ಕೆಟ್ಟಿಲ್ಲವೆಂಬುದು ಇಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಹೀಗಾಗಿ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಸಾಧ್ಯವಾದರೆ ಒಂದು ಗಂಟೆಯೊಳಗೆ, ತಡವೆಂದರೂ ಎರಡು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ, ಮರುದಿನವೇ ತಿಂದು ಮುಗಿಸುವುದು ಒಳ್ಳೆಯದು. ಬೇಯಿಸಿದ ಬೇಳೆ, ಕಾಳು, ಪಲ್ಯಗಳು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಉಳಿಯುತ್ತವೆ. ಮತ್ತೆ ಬಿಸಿ ಮಾಡುವಾಗ ನಡುಭಾಗವೂ ಸುಮಾರು 74 ಡಿಗ್ರಿಗೆ ಏರಿ ಹಬೆಯಾಡಬೇಕು. ಮೈಕ್ರೋವೇವ್ ಓವನ್ ಎಲ್ಲ ಕಡೆ ಸಮನಾಗಿ ಕಾಯಿಸುವುದಿಲ್ಲವಾದ್ದರಿಂದ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ, ನಡುವೆ ಒಮ್ಮೆ ಕೈಯಾಡಿಸಬೇಕು. ತಿನ್ನುವಷ್ಟನ್ನೇ ಬೇರೆ ತೆಗೆದು ಬಿಸಿ ಮಾಡಿ. ಇಡೀ ಡಬ್ಬಿಯನ್ನು ಮತ್ತೆ ಮತ್ತೆ ಕಾಯಿಸಿ ಆರಿಸುವುದು ಬೇಡ.

ಮಾಂಸ ಬೇಯಿಸುವವರು ಹಸಿ ಮಾಂಸಕ್ಕೆ ಪ್ರತ್ಯೇಕ ಹಲಗೆ ಮತ್ತು ಚಾಕು ಇಟ್ಟುಕೊಳ್ಳಬೇಕು. ಹಸಿ ಕೋಳಿಮಾಂಸವನ್ನು ನಲ್ಲಿಯಡಿ ತೊಳೆದರೆ ಹನಿಗಳು ಸುತ್ತಲಿನ ಪಾತ್ರೆಗಳ ಮೇಲೆ ಸಿಡಿಯುವುದರಿಂದ ತೊಳೆಯದಿರುವುದೇ ಮೇಲು, ಒಳಭಾಗ 74 ಡಿಗ್ರಿ ತಲುಪಿದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ಬಿಡುವಿನ ದಿನ ದೊಡ್ಡ ಪಾತ್ರೆಯಲ್ಲಿ ಕಾಳು ಬೇಯಿಸಿ, ಹುಳಿಯನ್ನಾಗಲಿ ಮಸಾಲೆಯನ್ನಾಗಲಿ ಸೇರಿಸದೆ, ಒಂದು ಊಟಕ್ಕೆ ಬೇಕಾಗುವಷ್ಟನ್ನು ಚಿಕ್ಕ ಡಬ್ಬಿಗಳಲ್ಲಿ ತುಂಬಿ ಫ್ರೀಜರಿನಲ್ಲಿಡುವ ಅಭ್ಯಾಸವನ್ನು ನಾನು ಎಲ್ಲರಿಗೂ ಸೂಚಿಸುತ್ತೇನೆ. ಮಸಾಲೆಯಿಲ್ಲದ ಕಾಳು ಯಾವ ಅಡುಗೆಗೂ ಒದಗುತ್ತದೆ: ಒಂದು ದಿನ ಹುರಿದ ಈರುಳ್ಳಿ, ಟೊಮೆಟೊದೊಂದಿಗೆ ಗಟ್ಟಿಯಾಗಿ, ಇನ್ನೊಂದು ದಿನ ತರಕಾರಿಯೊಂದಿಗೆ ತೆಳುವಾಗಿ, ಮತ್ತೊಂದು ದಿನ ತಣ್ಣಗೆ ಸೌತೆಕಾಯಿ, ನಿಂಬೆರಸದ ಜೊತೆಗೆ. ನೀರು ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಡಬ್ಬಿಯ ಮೇಲ್ಭಾಗದಲ್ಲಿ ಒಂದು ಬೆರಳಿನಷ್ಟು ಜಾಗ ಬಿಡಬೇಕು. ಹಂಚಿಕೊಂಡ ಫ್ರಿಜ್ ಆಗಿದ್ದರೆ ಡಬ್ಬಿಯ ಮೇಲೆ ಹೆಸರನ್ನೂ ಬೇಯಿಸಿದ ದಿನಾಂಕವನ್ನೂ ಬರೆದಿಡಬೇಕು. ನಾಳೆ ಬೇಕಾದ ಡಬ್ಬಿಯನ್ನು ಇಂದು ರಾತ್ರಿಯೇ ಫ್ರೀಜರಿನಿಂದ ಕೆಳಗಿನ ಅಂಕಣಕ್ಕೆ ಇಳಿಸಿಟ್ಟರೆ, ಸಂಜೆ ತರಗತಿ ಮುಗಿಸಿ ಬರುವಷ್ಟರಲ್ಲಿ ಕಾಳು ಒಲೆಗೇರಿಸಲು ತಯಾರಾಗಿರುತ್ತದೆ.