ಕೊಳಗದಿಂದ ಪಹಣಿಗೆ: ಸೊರಬ ಓಟು ಹಾಕುವ ಬಗೆ

2004ರ ವಿಧಾನಸಭಾ ಚುನಾವಣೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಮತದಾರರ ಮುಂದೆ ಒಂದೇ ಮನೆಯ ಇಬ್ಬರು ನಿಂತಿದ್ದರು, ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರ ಮಕ್ಕಳು. ಅಣ್ಣ ಕುಮಾರ್ ಬಂಗಾರಪ್ಪ ಕಾಂಗ್ರೆಸ್ಸಿನಿಂದ, ತಮ್ಮ ಮಧು ಬಂಗಾರಪ್ಪ ಬಿಜೆಪಿಯಿಂದ. 2023ರಲ್ಲೂ ಅದೇ ಇಬ್ಬರು, ಚಿಹ್ನೆ ಮಾತ್ರ ಅದಲುಬದಲು: ಅಣ್ಣನ ಕೈಯಲ್ಲಿ ಕಮಲ, ತಮ್ಮನಿಗೆ ಕೈ. ನಡುವೆ ಮಧು ಸಮಾಜವಾದಿ ಪಕ್ಷ, ಜೆಡಿಎಸ್ ಎರಡನ್ನೂ ಸುತ್ತಿ ಬಂದಿದ್ದರು.

ದೂರದಿಂದ ನೋಡುವವರು ಇದನ್ನು ಜಾತಿ ಲೆಕ್ಕದಲ್ಲಿ ಮುಗಿಸಿಬಿಡುತ್ತಾರೆ. ದೀವರು (ಈಡಿಗ ಸಮುದಾಯದವರು) ಹೆಚ್ಚಿರುವ ತಾಲ್ಲೂಕು, ಬಂಗಾರಪ್ಪನವರ ಮನೆತನ, ಅಷ್ಟೇ ಎನ್ನುತ್ತಾರೆ. ಆದರೆ 2008ರಲ್ಲಿ ಅಣ್ಣತಮ್ಮ ಇಬ್ಬರನ್ನೂ ಸೋಲಿಸಿ ಬಿಜೆಪಿಯ ಹರತಾಳು ಹಾಲಪ್ಪ ಗೆದ್ದರು. ಅವರೂ ದೀವರೇ. ಮೂವರೂ ಒಂದೇ ಜಾತಿಯವರಾದಾಗ ಜಾತಿ ಯಾರಿಗೆ ಓಟು ಹಾಕಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗಬೇಕು, ಅದೂ 1951ಕ್ಕೆ. ಅಲ್ಲಿ ಗೇಣಿ ಭತ್ತ, ಅಂದರೆ ಉಳುವವನು ಜಮೀನಿನ ಬಾಡಿಗೆಯಾಗಿ ಕೊಡುವ ಭತ್ತ, ಅಳೆಯುವ ಕೊಳಗದ್ದೇ ತಕರಾರು. ಜಮೀನಿನ ಒಡೆಯರು ಗೇಣಿ ವಸೂಲಿಗೆ ಇಟ್ಟುಕೊಂಡಿದ್ದ ಕೊಳಗ ಸರಿಯಾದ ಅಳತೆಗಿಂತ ದೊಡ್ಡದಿತ್ತು. ಬೆವರು ಸುರಿಸಿ ಬೆಳೆದವನ ಕಣ್ಣೆದುರೇ ಅವನ ಪಾಲು ಸೇರು ಸೇರಾಗಿ ಜಾರಿಹೋಗುತ್ತಿತ್ತು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಏಪ್ರಿಲ್‌ನಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ನೇಗಿಲು ಹೊತ್ತು ಗದ್ದೆಗಿಳಿಯುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಮತ್ತೊಂದು ತಂಡ. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರೂ ಬಂಧನಕ್ಕೊಳಗಾದರು. ಮರುವರ್ಷ ದೇಶದ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಗೆದ್ದವರು ಸಮಾಜವಾದಿ ಶಾಂತವೇರಿ ಗೋಪಾಲಗೌಡ. ವಯಸ್ಸು ಮೂವತ್ತರ ಒಳಗೆ. ನೆಹರೂ ಹೆಸರಿಗೇ ಓಟು ಬೀಳುತ್ತಿದ್ದ ಕಾಲವದು.

ಆ ಗಾಳಿಯಲ್ಲೇ ಬೆಳೆದವರು ಸೊರಬ ತಾಲ್ಲೂಕಿನ ಕುಬಟೂರಿನ ಎಸ್. ಬಂಗಾರಪ್ಪ. 1967ರಲ್ಲಿ ಸಮಾಜವಾದಿಯಾಗಿ ಸೊರಬದಿಂದ ಗೆದ್ದರು. ಅಲ್ಲಿಂದ 1994ರವರೆಗೆ ಏಳು ವಿಧಾನಸಭಾ ಚುನಾವಣೆ, ಏಳೂ ಗೆಲುವು. ಪಕ್ಷದ ಹೆಸರು ಮಾತ್ರ ನಿಲ್ಲಲಿಲ್ಲ: ಸಮಾಜವಾದಿ, ಕಾಂಗ್ರೆಸ್, ಕ್ರಾಂತಿರಂಗ, ಮತ್ತೆ ಕಾಂಗ್ರೆಸ್, ಕೊನೆಗೆ ತಾವೇ ಕಟ್ಟಿದ ಕರ್ನಾಟಕ ಕಾಂಗ್ರೆಸ್ ಪಕ್ಷ. ಅವರು ಎಲ್ಲಿ ಹೋದರೆ ಸೊರಬ ಅಲ್ಲಿಗೆ ಹೋಯಿತು. ಇದನ್ನು ಕುರುಡು ಅಭಿಮಾನ ಎನ್ನುವುದು ಸುಲಭ, ನನಗದು ಪೂರ್ತಿ ಒಪ್ಪಿಗೆಯಿಲ್ಲ. ಗೇಣಿದಾರನ ಮನೆಯವರಿಗೆ ಪಕ್ಷ ಎಂದರೆ ತಾಲ್ಲೂಕು ಕಚೇರಿಯಲ್ಲಿ ತಮ್ಮ ಪರವಾಗಿ ದನಿ ಎತ್ತುವ ಮನುಷ್ಯ. ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ, ಉಳುತ್ತಿದ್ದ ಗೇಣಿ ಜಮೀನು ತಮಗೇ ಕೊಡಿ ಎಂದು ಭೂನ್ಯಾಯ ಮಂಡಳಿಗೆ ನಮೂನೆ 7ರ ಅರ್ಜಿ ಹಾಕಿ, ಜಮೀನಿನ ದಾಖಲೆಯಾದ ಪಹಣಿಯಲ್ಲಿ ಹೆಸರು ಕಂಡ ತಲೆಮಾರು ಅದು. ಕಾನೂನು ತಂದವರು ದೇವರಾಜ ಅರಸು. ಆದರೆ ಊರು ಆ ಋಣದ ಲೆಕ್ಕವನ್ನು ತನ್ನ ನಾಯಕನ ಹೆಸರಿನಲ್ಲಿ ಬರೆದುಕೊಂಡಿತು.

ಪಹಣಿ ಕೈಗೆ ಬಂದ ಮೇಲೆ ಆ ಋಣ ಎಷ್ಟು ದಿನ ಬಾಳುತ್ತದೆ? ಭತ್ತದ ಗದ್ದೆ ಅಡಿಕೆ ತೋಟವಾಯಿತು. ಕೊಳಗ ಅಟ್ಟ ಸೇರಿತು. ಮೊಮ್ಮಕ್ಕಳಿಗೆ ಒಡೆಯ ಎಂದರೆ ಅಜ್ಜ ಹೇಳುವ ಕತೆ, ಚಿಂತೆಯೆಲ್ಲ ಅಡಿಕೆ ಧಾರಣೆಯದು. ಹೀಗೆ ಸಡಿಲಗೊಂಡಿದ್ದ ಕಟ್ಟನ್ನು 2004ರಲ್ಲಿ ಬಿಚ್ಚಿದವರು ಸ್ವತಃ ಬಂಗಾರಪ್ಪ. ಬಿಜೆಪಿ ಸೇರಿ ಅದೇ ಪಕ್ಷದಿಂದ ಶಿವಮೊಗ್ಗದ ಸಂಸದರಾದರು. ಸಮಾಜವಾದದ ಮನೆಗಳ ಜಗಲಿಗೆ ಕಮಲ ಬಂದದ್ದು ಅವರ ಕೈಹಿಡಿದೇ. ಮರುವರ್ಷ ಅವರು ಆ ಪಕ್ಷ ಬಿಟ್ಟು, ಉಪಚುನಾವಣೆಯಲ್ಲಿ ಸಮಾಜವಾದಿ ಪಕ್ಷದಿಂದ ಗೆದ್ದರು. ಅವರು ಎದ್ದು ಬಂದರೂ ಕಮಲ ಜಗಲಿ ಬಿಟ್ಟು ಕದಲಲಿಲ್ಲ. ಪಕ್ಕದ ಶಿಕಾರಿಪುರದ ಯಡಿಯೂರಪ್ಪ ಮುಖ್ಯಮಂತ್ರಿಯಾಗುವ ನಿರೀಕ್ಷೆಯೂ ಸೇರಿ 2008 ಹಾಲಪ್ಪನವರ ಪಾಲಾಯಿತು.

ಆಮೇಲೆ ಸೊರಬ ಯಾರನ್ನೂ ಸತತ ಎರಡು ಸಲ ಕೂರಿಸಿಲ್ಲ. 2013ರಲ್ಲಿ ಜೆಡಿಎಸ್‌ನ ಮಧು, 2018ರಲ್ಲಿ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಬಿಜೆಪಿಯ ಕುಮಾರ್, 2023ರಲ್ಲಿ 44 ಸಾವಿರಕ್ಕೂ ಹೆಚ್ಚಿನ ಅಂತರದಲ್ಲಿ ಕಾಂಗ್ರೆಸ್ಸಿನ ಮಧು. ಇಷ್ಟಾಗಿಯೂ ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಬಂಗಾರಪ್ಪನವರ ಮಗಳು ಗೀತಾ ಶಿವರಾಜಕುಮಾರ್ ಶಿವಮೊಗ್ಗ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ನಿಂತು ಬಿಜೆಪಿಯ ಬಿ.ವೈ. ರಾಘವೇಂದ್ರ ಅವರೆದುರು 2 ಲಕ್ಷ 40 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಪ್ಪನ ಹೆಸರು ದಿಲ್ಲಿಯ ಓಟಿಗೆ ಸಾಲಲಿಲ್ಲ.

ವಿಧಾನಸಭೆಯ ಓಟಿನ ಲೆಕ್ಕವೇ ಬೇರೆ, ಅದಕ್ಕೂ ಕಾರಣ ಭೂಮಿಯೇ. ಗೇಣಿ ತೀರಿತು, ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿ, ಉಳಿಯಿತು. ಗೋಮಾಳದಲ್ಲಿ, ಕಾಡಂಚಿನಲ್ಲಿ ಸಾಗುವಳಿ ಮಾಡಿದವರು ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, 53, 57ರಲ್ಲಿ ಸರ್ಕಾರಗಳು ಬದಲಾದಂತೆ ಅರ್ಜಿ ಹಾಕುತ್ತಲೇ ಇದ್ದಾರೆ. ಆ ಅರ್ಜಿ ಮುಂದೆ ಹೋಗಬೇಕಾದರೆ ತಾಲ್ಲೂಕಿನ ಬಗರ್‌ಹುಕುಂ ಸಮಿತಿ ಸೇರಬೇಕು. ಸಮಿತಿಯ ಅಧ್ಯಕ್ಷರು ಕ್ಷೇತ್ರದ ಶಾಸಕರು.